ಇನ್ನೂ ಹೆಚ್ಚಿನ ಸಂಶೋಧನೆಯ ಅಗತ್ಯವಿದೆ

ಮಲೆನಾಡಿನಲ್ಲಿ ಸಂಶೋಧನೆಯ ಪಾಲಾಗದೆ ಉಳಿದ ಸೊಪ್ಪು ಇನ್ನು ಸಿಗುವುದು ಕಷ್ಟ. ಒಂದೆಲಗ, ನೆಲನೆಲ್ಲಿ, ಲಕ್ಕಿ, ಚಗತೆ, ಯಾವುದೇ ಇರಲಿ, ಬೇಲಿಯಂಚಿನಲ್ಲಿ ತನ್ನ ಪಾಡಿಗೆ ನಿಂತ ಗಿಡ ಪಿಎಚ್‌ಡಿ ವಿದ್ಯಾರ್ಥಿಯ ಕಣ್ಣಿಗೆ ಬಿತ್ತೆಂದರೆ ಅದರ ಕಥೆ ಮುಗಿಯಿತು. ನೆರಳಲ್ಲಿ ಒಣಗಿಸುತ್ತಾರೆ, ಮಿಕ್ಸಿಗೆ ಹಾಕಿ ಪುಡಿ ಮಾಡುತ್ತಾರೆ, ಸಾಕ್ಸ್‌ಲೆಟ್ ಉಪಕರಣಕ್ಕೆ ತುಂಬಿ ಪೆಟ್ರೋಲಿಯಂ ಈಥರ್, ಕ್ಲೋರೊಫಾರ್ಮ್, ಮೆಥನಾಲ್ ಎಂದು ಒಂದಾದ ಮೇಲೊಂದು ಸುರಿದು ಸಾರ ಇಳಿಸುತ್ತಾರೆ. ಆಮೇಲೆ ಅಗರ್ ತಟ್ಟೆಯಲ್ಲಿ ಇ. ಕೊಲೈ ಬೆಳೆಸಿ, ನಡುವೆ ತೂತು ಕೊರೆದು ಆ ಸಾರ ಬಿಟ್ಟು, ಮರುದಿನ ಸ್ಕೇಲ್ ಹಿಡಿದು ನೋಡುತ್ತಾರೆ: ತೂತಿನ ಸುತ್ತ ಎಷ್ಟು ಮಿಲಿಮೀಟರ್ ಬ್ಯಾಕ್ಟೀರಿಯಾ ಬೆಳೆದಿಲ್ಲ? ಫಲಿತಾಂಶ ಎಲ್ಲ ಗಿಡಕ್ಕೂ ಒಂದೇ. ಆಲ್ಕಲಾಯ್ಡ್ ಇದೆ, ಟ್ಯಾನಿನ್ ಇದೆ, ಫ್ಲೇವನಾಯ್ಡ್ ಇದೆ, ಬ್ಯಾಕ್ಟೀರಿಯಾ ತಡೆಯುವ ಗುಣ ಸಾಧಾರಣ ಮಟ್ಟದಲ್ಲಿದೆ, ಇನ್ನೂ ಹೆಚ್ಚಿನ ಸಂಶೋಧನೆಯ ಅಗತ್ಯವಿದೆ.

ಆ ಹೆಚ್ಚಿನ ಸಂಶೋಧನೆ ಯಾರು ಮಾಡಬೇಕು? ಅದೇ ಗೈಡಿನ ಕೈಕೆಳಗೆ ಮುಂದೆ ಸೇರುವ ಹುಡುಗ. ಎಲೆ ಮೊದಲಿನವನದ್ದಾದರೆ ಬೇರು ಇವನದ್ದು, ತೊಗಟೆ ಇವನ ನಂತರದವಳದ್ದು. ತೊಗಟೆಯೂ ಮುಗಿಯಿತಲ್ಲ ಎಂದು ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತಾಗ ದೇವರ ದಯೆಯಿಂದ ನ್ಯಾನೊ ತಂತ್ರಜ್ಞಾನ ಬಂತು. ಅದೇ ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಹಾಕಿ, ಬಣ್ಣ ಕಂದಿಗೆ ತಿರುಗಿದರೆ ಬೆಳ್ಳಿಯ ನ್ಯಾನೊ ಕಣ. ಈಗ ಬ್ಯಾಕ್ಟೀರಿಯಾ ಇನ್ನೂ ಚೆನ್ನಾಗಿ ಸಾಯುತ್ತವೆ. ಬೆಳ್ಳಿ ಸೊಪ್ಪಿನ ಹಂಗಿಲ್ಲದೆಯೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬ ಮಾತನ್ನು ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಯಾರೂ ಎತ್ತಬಾರದು, ಊಟದ ವ್ಯವಸ್ಥೆ ಅಭ್ಯರ್ಥಿಯದ್ದು.

ತಪ್ಪು ಹುಡುಗರದ್ದಲ್ಲ. 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಪಿಐ ಎಂಬ ಅಂಕಪದ್ಧತಿ ತಂದು ಕಾಲೇಜು ಮೇಷ್ಟ್ರುಗಳ ಬಡ್ತಿಯನ್ನು ಪ್ರಬಂಧಗಳ ಎಣಿಕೆಗೆ ಗಂಟು ಹಾಕಿತು. ಕೊಳ್ಳುವವರಿದ್ದ ಮೇಲೆ ಮಾರುವವರಿಗೆ ಬರವೇ? ರಾತ್ರಿ ಬೆಳಗಾಗುವುದರೊಳಗೆ ‘ಅಂತಾರಾಷ್ಟ್ರೀಯ ಬಹುಶಿಸ್ತೀಯ’ ಪತ್ರಿಕೆಗಳು ಹುಟ್ಟಿಕೊಂಡವು. ಒಂದೇ ಸಂಚಿಕೆಯಲ್ಲಿ ಅಂಗನವಾಡಿ ಮಕ್ಕಳ ತೂಕ, ಹೃದಯದ ಕವಾಟ, ವಚನಗಳಲ್ಲಿ ಮ್ಯಾನೇಜ್‌ಮೆಂಟ್, ಜಿಎಸ್‌ಟಿ, ಗದ್ದೆ ಏಡಿ. ಸಂಪಾದಕರು ಸಕಲ ವಿದ್ಯಾ ಪಾರಂಗತರು. ದುಡ್ಡು ಖಾತೆಗೆ ಬಿದ್ದ ದಿನವೇ ತಜ್ಞರ ವಿಮರ್ಶೆಯೂ ಮುಗಿದಿರುತ್ತದೆ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಒಪ್ಪಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಪಟ್ಟಿಗೆ ಸೇರಿಸಿದ್ದೂ ಅದೇ, ಕಿತ್ತದ್ದೂ ಅದೇ. ಆಮೇಲೆ ‘ಕೇರ್’ ಎಂಬ ಇನ್ನೊಂದು ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದಕ್ಕೂ ಎಳ್ಳುನೀರು ಬಿಟ್ಟು, ಒಳ್ಳೆಯ ಪತ್ರಿಕೆ ಯಾವುದೆಂದು ನೀವೇ ನೋಡಿಕೊಳ್ಳಿ ಎಂದರು.

ನೋಡಿಕೊಡುವವರಿಗೆ ಶಿವಮೊಗ್ಗದಲ್ಲಿ ಕೊರತೆಯಿಲ್ಲ. ಕಾಲೇಜಿನ ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋದರೆ ಥೀಸಿಸ್ ಬೈಂಡಿಂಗ್, ಬಂಗಾರದ ಅಕ್ಷರ, ಜರ್ನಲ್ ಪಬ್ಲಿಕೇಶನ್ ಎಲ್ಲ ಒಂದೇ ಕೌಂಟರಿನಲ್ಲಿ. ಕೃತಿಚೌರ್ಯದ ಬಗ್ಗೆಯೂ 2018ರದ್ದೇ ಒಂದು ನಿಯಮವಿದೆ. ಅದರ ಪ್ರಕಾರ ಶೇಕಡ 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. ಹಾಗಾಗಿ ಅಂಗಡಿ ಹುಡುಗ ಪೆನ್‌ಡ್ರೈವ್ ಈಸಿಕೊಳ್ಳುತ್ತಾ ಕೇಳುವುದು ಒಂದೇ ಪ್ರಶ್ನೆ.

“ಎಷ್ಟು ಪರ್ಸೆಂಟ್‌ಗೆ ಇಳಿಸ್ಲಿ ಸಾರ್?”

“ಸೊನ್ನೆ ಮಾಡಪ್ಪ.”

“ಬ್ಯಾಡಿ ಸಾರ್, ಸೊನ್ನೆ ಬಂದ್ರೆ ಅನುಮಾನ ಪಡ್ತಾರೆ. ಒಂಬತ್ತು ಇಡ್ತೀನಿ, ಸಹಜವಾಗಿರ್ತದೆ.”

ಶಿಕ್ಷಣ ಕ್ಷೇತ್ರದ ಸಂಶೋಧನೆಗೆ ಸೊಪ್ಪೂ ಬೇಡ, ಮೆಥನಾಲೂ ಬೇಡ. ಪ್ರಶ್ನಾವಳಿ ಸಾಕು. ಹೊಸನಗರ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಇಬ್ಬರೇ ಶಿಕ್ಷಕರು. ಮೇಷ್ಟ್ರು ಸಮೀಕ್ಷೆ ಕೆಲಸಕ್ಕೆ ಹೋಗಿದ್ದಾರೆ. ಟೀಚರು ಒಂದು ಕಣ್ಣು ನಲಿಕಲಿ ಮಕ್ಕಳ ಮೇಲೆ, ಇನ್ನೊಂದು ಕಣ್ಣು ಬೇಯುತ್ತಿರುವ ಮೊಟ್ಟೆಗಳ ಮೇಲೆ ಇಟ್ಟು, ಸಿಗ್ನಲ್ ಸಿಗುವ ಕಿಟಕಿಯ ಸರಳಿಗೆ ಮೊಬೈಲ್ ಒತ್ತಿ ಹಿಡಿದು ಹಾಜರಾತಿ ಅಪ್‌ಲೋಡ್ ಮಾಡುತ್ತಿದ್ದಾರೆ. ಅಷ್ಟರಲ್ಲಿ ಕೊಡೆ ಮಡಚುತ್ತಾ ಸಂಶೋಧಕರು ಒಳಗೆ ಬರುತ್ತಾರೆ. ವಿಷಯ: ಗ್ರಾಮೀಣ ಶಿಕ್ಷಕರ ಕೆಲಸದೊತ್ತಡ. ಅರವತ್ತು ಹೇಳಿಕೆ, ಪ್ರತಿಯೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಮನೆ.

“ಇವತ್ತೇ ಬೇಕಾ ಸಾರ್?”

“ಹೌದು ಮೇಡಂ, ಮೂರೂವರೆ ಬಸ್ಸಿಗೆ ಹೋಗ್ಬೇಕು.”

“ಹಂಗಾದ್ರೆ ಎಲ್ಲದಕ್ಕೂ ನಡುಮಧ್ಯದ್ದಕ್ಕೆ ಟಿಕ್ ಹಾಕ್ತೀನಿ.”

“ಹಾಕಿ ಮೇಡಂ. ಮೇಷ್ಟ್ರದ್ದೂ ಒಂದು ನೀವೇ ತುಂಬಿಬಿಡಿ.”

ಮೊಟ್ಟೆ ಬೇಯುವುದರೊಳಗೆ ಎರಡೂ ತಯಾರು. ಆರು ತಿಂಗಳ ನಂತರ ಅಚ್ಚಾಗುವ ತೀರ್ಮಾನ ಹೀಗಿರುತ್ತದೆ: ಗ್ರಾಮೀಣ ಶಿಕ್ಷಕರ ಒತ್ತಡ ಮಧ್ಯಮ ಪ್ರಮಾಣದಲ್ಲಿದೆ, ಪುರುಷ ಮತ್ತು ಮಹಿಳಾ ಶಿಕ್ಷಕರ ನಡುವೆ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ.

ವೈದ್ಯಕೀಯ ಕಾಲೇಜಿನವರ ಪಾಡೂ ಬೇರೆಯಲ್ಲ. ಒಪಿಡಿಯಲ್ಲಿ ಎಷ್ಟು ರೋಗಿಗಳನ್ನು ನೋಡಿದರೂ ಬಡ್ತಿಗೆ ಪ್ರಬಂಧ ಬೇಕೇ ಬೇಕು. ಹಾಗಾಗಿ ಒಬ್ಬ ರೋಗಿಗೆ ಏಳು ಲೇಖಕರು. ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ಒಬ್ಬನೇ ಬರೆದ ಪ್ರಬಂಧದಲ್ಲಿ ಉದ್ದಕ್ಕೂ ‘ನಾವು’ ಎಂದು ಟೈಪ್ ಮಾಡಿಬಿಟ್ಟು, ತಿದ್ದಲು ಸೋಮಾರಿತನವಾಗಿ, ಮನೆಯ ಬೆಕ್ಕನ್ನೇ ಸಹಲೇಖಕ ಮಾಡಿದ್ದ. 1975ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಂಥ ಪತ್ರಿಕೆಯಲ್ಲಿ ಅದು ಅಚ್ಚಾಯಿತು ಕೂಡ. ನಮ್ಮಲ್ಲಿ ಬೆಕ್ಕಿಗೆ ಸೀಟು ಸಿಗುವುದಿಲ್ಲ. ವಿಭಾಗದ ಮುಖ್ಯಸ್ಥರು, ಅವರಿಗೆ ಬೇಕಾದವರು, ಮುಂದಿನ ತಿಂಗಳು ಇಂಟರ್‌ವ್ಯೂ ಇರುವವರು ಕೂತು ಜಾಗ ಮಿಗಬೇಕಲ್ಲ.

ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ನಿರ್ದಿಷ್ಟವಾದ ಔಷಧಿ ಇವತ್ತಿಗೂ ಇಲ್ಲ. ಇದ್ದ ಹಳೆಯ ಲಸಿಕೆ ಕೆಲಸಕ್ಕೆ ಬರುವುದಿಲ್ಲವೆಂದು ನಿಲ್ಲಿಸಿದರು, ಹೊಸದು ಹಾದಿಯಲ್ಲಿದೆ. ಆದರೆ ಜನರಿಗೆ ಆ ಕಾಯಿಲೆಯ ‘ಅರಿವು’ ಎಷ್ಟಿದೆ ಎಂದು ಅಳೆಯುವ ಸಮೀಕ್ಷೆ ಮಾತ್ರ ತಪ್ಪುವುದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾಲು ಸಾಲು ಸಾವು ಕಂಡವರ ಮುಂದೆ ಕೂತು, “ಉಣುಗಿನಿಂದ ಈ ಕಾಯಿಲೆ ಹರಡುತ್ತದೆ ಎಂದು ನೀವು ಕೇಳಿದ್ದೀರಾ?” ಎಂದು ಕೇಳಲು ಗುಂಡಿಗೆ ಬೇಕು. ಉಣುಗು ಹತ್ತದಂತೆ ಡೇಪಾ ಎಣ್ಣೆ ಸವರಿಕೊಂಡು ಕಾಡಿನಿಂದ ದರಗು (ಒಣ ಎಲೆ) ತರಲು ಹೊರಟವರು ಏನೆಂದಾರು?

“ನಮಗೆ ಗೊತ್ತಿದೆ ಮಾರಾಯ್ರೆ. ಲಸಿಕೆ ಯಾವಾಗ ಬರ್ತದೆ ಅಂತ ನಿಮಗೆ ಗೊತ್ತಿದ್ರೆ ಹೇಳಿ, ನಾವು ಬರ್ಕೊಳ್ತೀವಿ.”

ಇದಕ್ಕೆ ಪ್ರಶ್ನಾವಳಿಯಲ್ಲಿ ಮನೆ ಇಲ್ಲ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ಅದರ ಮೇಲೊಂದು ವರದಿ ಬರೆದ. ಮೈಲುತುತ್ತ, ಸುಣ್ಣ ಕದಡಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿದ. ಈಗಲೂ ಮಳೆ ಹಿಡಿಯುವ ಮೊದಲು ಕೊನೆಗಾರರು ಮರ ಹತ್ತಿ ಹೊಡೆಯುವುದು ಅದನ್ನೇ. ಇಂದಿನ ಆಯ್ಕೆ ಸಮಿತಿಯ ಮುಂದೆ ಆ ಪುಣ್ಯಾತ್ಮ ಕೂತಿದ್ದರೆ ಏನು ಗತಿ? ಸರ್ಕಾರಿ ಬುಲೆಟಿನ್, ಪತ್ರಿಕೆಗಳಿಗೆ ಕೊಡುವ ಐಎಸ್‌ಎಸ್‌ಎನ್ ಸಂಖ್ಯೆ ಇಲ್ಲ, ಒಬ್ಬನೇ ಲೇಖಕ. ಮುಂದಿನ ಅಭ್ಯರ್ಥಿಯನ್ನು ಕರೆಯಿರಿ.

ಈಗ ಅದೇ ಅಡಿಕೆಯ ಮೇಲೆ ಬೇರೆ ಬಗೆಯ ಸಂಶೋಧನೆ ನಡೆಯಬೇಕಂತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ತಂಬಾಕಿನ ಸಾಲಿಗೇ ಸೇರಿಸಿತು. ಅಲ್ಲಿಂದೀಚೆಗೆ ಯಾವ ಪಕ್ಷದ ವೇದಿಕೆಯಾದರೂ ಸರಿ, ಭರವಸೆ ಒಂದೇ: “ಅಡಿಕೆ ಹಾನಿಕರವಲ್ಲ ಎಂದು ಸಾಬೀತುಪಡಿಸಲು ಸಂಶೋಧನೆ ಮಾಡಿಸುತ್ತೇವೆ.” ಪ್ರಯೋಗಾಲಯಕ್ಕೆ ಇಲಿ ಬರುವ ಮೊದಲೇ ಫಲಿತಾಂಶ ಬಂದಾಗಿದೆ, ವಿಜ್ಞಾನಿಗಳು ಬಂದು ಸಹಿ ಹಾಕುವುದಷ್ಟೇ ಬಾಕಿ. ಸುಪಾರಿ ಕೊಡುವುದು ಎನ್ನುವುದು ಇದಕ್ಕೇ ಇರಬೇಕು.

ಇಂಥ ಸಭೆಯಲ್ಲಿ ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತರೆಂದು ಇಟ್ಟುಕೊಳ್ಳಿ.

“ಸ್ವಾಮಿ, ಸಾಬೀತು ಮಾಡೋದು ಆಮೇಲೆ ಮಾಡಿ. ಎಲೆಚುಕ್ಕೆ ರೋಗ ಬಂದು ತೋಟವೇ ಖಾಲಿಯಾಗ್ತಿದೆ. ಕ್ಯಾನ್ಸರ್ ಬರ್ಸೋಕಾದ್ರೂ ಅಡಿಕೆ ಉಳೀಬೇಕಲ್ಲ?”

ವೇದಿಕೆಯ ಮೇಲಿದ್ದವರು ವಂದನಾರ್ಪಣೆಯವರಿಗೆ ಸನ್ನೆ ಮಾಡುತ್ತಾರೆ.