ಸತ್ಯಾಂಶ: ಮೊಣಕಾಲುದ್ದದ ನೀರು ದಾಟಲು ಧೈರ್ಯ ಸಾಕೇ?

ಮಳೆ ಹಿಡಿದುಕೊಂಡರೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಓಡಾಡುತ್ತದೆ: 'ಟಿವಿ ಶೋಗಳಲ್ಲಿ ಹೊಳೆಗೇ ಧುಮುಕುತ್ತಾರೆ, ಮೊಣಕಾಲುದ್ದದ ನೀರಿಗೆ ನಾವು ಹೆದರುವುದೇ?' ಹುರುಪು ಸರಿ, ಲೆಕ್ಕ ತಪ್ಪು.

ರಭಸದ ನೀರು 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ಇದ್ದರೂ ಗಟ್ಟಿಮುಟ್ಟಾದವರನ್ನು ಬೀಳಿಸಬಲ್ಲದು. ಒಂದು ಅಡಿಗೆ ಸಣ್ಣ ಕಾರು ಹಿಡಿತ ಕಳೆದುಕೊಳ್ಳುತ್ತದೆ. ಎರಡು ಅಡಿ ದಾಟಿದರೆ ಜೀಪಿನಂಥ ಗಾಡಿಯನ್ನೂ ನಂಬುವಂತಿಲ್ಲ: ನೀರು ಕೆಳಗಿನಿಂದ ಎತ್ತುತ್ತದೆ, ಪಕ್ಕದಿಂದ ತಳ್ಳುತ್ತದೆ.

ಶೋ ನೋಡುವುದೇನೂ ತಪ್ಪಲ್ಲ. ಬೆಚ್ಚಗೆ ಸೋಫಾದಲ್ಲಿ ಕೂತು ಎದೆ ಡವಡವ ಅನ್ನಿಸಿಕೊಳ್ಳುವ ಮಜಾ ಯಾರಿಗೆ ಬೇಡ? ಆದರೆ 2008ರಲ್ಲಿ ಶುರುವಾದ ಹಿಂದಿ ಸ್ಟಂಟ್ ಶೋ 'ಖತ್ರೋಂ ಕೆ ಖಿಲಾಡಿ'ಯಲ್ಲಿ ಸೊಂಟಕ್ಕೆ ಹಾರ್ನೆಸ್ ಇರುತ್ತದೆ, ಪಕ್ಕದಲ್ಲೇ ರಕ್ಷಣಾ ತಂಡವಿರುತ್ತದೆ. ಸ್ಪರ್ಧಿಗಳು ಅಳುತ್ತಾರೆ, ನಡುಗುತ್ತಾರೆ, ಆಗದಿದ್ದರೆ ಸ್ಟಂಟ್ ಬಿಟ್ಟು ಬರುತ್ತಾರೆ. 'ಮ್ಯಾನ್ ವರ್ಸಸ್ ವೈಲ್ಡ್' ಕೂಡ ಅಪಾಯದ ಸಂದರ್ಭದಲ್ಲಿ ತಂಡಕ್ಕೆ ನೆರವು ಸಿಗುತ್ತದೆಂದು ಪರದೆಯ ಮೇಲೇ ಬರೆದು ತೋರಿಸಿದೆ. ಫಾರ್ವರ್ಡ್ ಮಾಡುವವರು ಆ ಸಾಲನ್ನು ಕತ್ತರಿಸಿರುತ್ತಾರೆ!

ನಮ್ಮ ತೋಟಗಳಲ್ಲೇ ನೋಡಿ. ಕರಿಮೆಣಸು ಕೊಯ್ಯುವವರು ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಆನಿಸಿ, ಮೇಲ್ತುದಿಯನ್ನು ಹಗ್ಗದಿಂದ ಮರಕ್ಕೆ ಬಿಗಿದು, ಒಮ್ಮೆ ಅಲುಗಿಸಿ ನೋಡಿ, ಆಮೇಲಷ್ಟೇ ಗೊಂಚಲಿಗೆ ಕೈ ಚಾಚುತ್ತಾರೆ. ಭಯವಿದೆ, ಅದಕ್ಕೇ ಹಗ್ಗ. ಅವರನ್ನು ಹೇಡಿಗಳೆಂದು ಯಾರೂ ಕರೆದಿಲ್ಲ.

ಭಾಗಮಂಡಲದಲ್ಲಿ ನದಿಗಳ ಸಂಗಮ ಉಕ್ಕಿ ರಸ್ತೆಗೆ ಬಂದಾಗ, ಕೆಂಪು ನೀರಿನಡಿ ಟಾರು ಉಳಿದಿದೆಯೋ ಕೊರೆದುಹೋಗಿದೆಯೋ ದಡದಿಂದ ಕಾಣುವುದಿಲ್ಲ. ಗಾಡಿ ತಿರುಗಿಸಿ, ಯಾರಾದರೂ ಸಿಕ್ಕಿಬಿದ್ದಿದ್ದರೆ ನೀವು ನೀರಿಗಿಳಿಯದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.