ತೆಗೆದುಹಾಕಿದ್ದು ಅವರು, ಬಿಟ್ಟುಹೋದವನು ನಾನಂತೆ!

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಲೇತ್ ಮಷಿನ್ ಮೇಲೆ ದುಡಿದವನು ನಾನು. "ಆರ್ಡರ್ ಕಡಿಮಿ ಆಗ್ಯಾವ, ನಾಳಿಂದ ಬರೂದು ಬ್ಯಾಡ್ರಿ" ಅಂದರು, ಮುಗೀತು. ನೋಟಿಸ್ ಇಲ್ಲ, ಏನೂ ಇಲ್ಲ. ರಾಜೀನಾಮೆ ಪತ್ರವನ್ನೂ ಅವರೇ ಟೈಪ್ ಮಾಡಿ ಇಟ್ಟಿದ್ದರು. 'ವೈಯಕ್ತಿಕ ಕಾರಣಗಳಿಂದ' ಅಂತೆ. ಅದರಲ್ಲಿ ನನ್ನ ಅಡ್ಡಹೆಸರೂ ತಪ್ಪಾಗಿತ್ತು! ಸಹಿ ಹಾಕಲ್ಲ ಎಂದೆ. "ಹಾಕಲಿಲ್ಲಂದ್ರ ಶಿಸ್ತು ಕ್ರಮ ಅಂತ ಬರೀತೀವಿ. ಆಮ್ಯಾಲೆ ಗೋಕುಲ ರೋಡಿನ್ಯಾಗ ಯಾರು ಕೆಲಸ ಕೊಡ್ತಾರ ನೋಡ್ರಿ" ಅಂತ ಎಚ್‌ಆರ್ ಸಾಹೇಬರ ಧಮಕಿ. ಆದರೂ ಹಾಕಲಿಲ್ಲ.

ಕೆಲಸ ಹೋದರೆ ಇಎಸ್‌ಐನಲ್ಲಿ, ಅಂದರೆ ಸಂಬಳದಲ್ಲಿ ಮುರಿದು ಕಟ್ಟುವ ನೌಕರರ ರಾಜ್ಯ ವಿಮೆಯಲ್ಲಿ, ನಿರುದ್ಯೋಗ ಭತ್ಯೆ ಇದೆ ಅಂತ ಎಷ್ಟು ಜನರಿಗೆ ಗೊತ್ತು? ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರಲ್ಲಿ ಶುರುವಾದಾಗ ದಿನದ ಸರಾಸರಿ ಸಂಬಳದ ಕಾಲು ಭಾಗ ಕೊಡುತ್ತಿದ್ದರು. 2020ರಲ್ಲಿ, ಕೊರೊನಾ ಟೈಮಿನಲ್ಲಿ, ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ. ಕೆಲಸ ಹೋಗುವ ಮುಂಚೆ ಎರಡು ವರ್ಷ ವಿಮೆಯಲ್ಲಿ ಇರಬೇಕು, ಕೊನೆಯ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಒಂದರಲ್ಲಾದರೂ ಇನ್ನೊಂದು 78. ಇದೆಲ್ಲ ನನಗೆ ಸರಿಯಾಗಿಯೇ ಇದೆ. ಸಂಬಳ 16,000. ಅದರಲ್ಲಿ ತಿಂಗಳಿಗೆ 120 ರೂಪಾಯಿ ನನ್ನಿಂದ ಮುರಿದಿದ್ದಾರೆ, ಕಂಪನಿಯದು 520. ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 23 ಸಾವಿರದ ಮೇಲೆ ಬರಬೇಕಿತ್ತು. ಮನೆ ಬಾಡಿಗೆ, ಮಗಳ ಸ್ಕೂಲ್ ಫೀ ಹೇಗೋ ದಾಟುತ್ತಿತ್ತು.

ಇಎಸ್‌ಐ ಕೌಂಟರಿನಲ್ಲಿ ಹೇಳಿದ್ದು ಕೇಳಿ. "ನೀವs ಬಿಟ್ಟೀರಿ ಅಂತ ಐತಲ್ರೀ ಇಲ್ಲಿ."

ಕಂಪನಿಯವರು ಪ್ರತಿ ತಿಂಗಳು ಇಎಸ್‌ಐಗೆ ತುಂಬುವ ಪಟ್ಟಿಯಲ್ಲಿ ಕಾರಣಕ್ಕೆ ಒಂದೊಂದು ನಂಬರ್ ಇದೆ. 2 ಅಂದರೆ ಲೆಫ್ಟ್ ಸರ್ವಿಸ್, ತಾನೇ ಕೆಲಸ ಬಿಟ್ಟ ಅಂತ. 10 ಅಂದರೆ ರಿಟ್ರೆಂಚ್‌ಮೆಂಟ್, ಕಂಪನಿಯೇ ತೆಗೆದುಹಾಕಿತು ಅಂತ. ನನ್ನ ಹೆಸರಿನ ಮುಂದೆ 2 ಒತ್ತಿ ಕೈ ತೊಳೆದುಕೊಂಡಿದ್ದಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಾ? ಕೆಲಸದಿಂದ ತೆಗೆದೆವು ಅಂತ ಒಪ್ಪಿಕೊಂಡರೆ ನೋಟಿಸ್ ಸಂಬಳ, ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಪರಿಹಾರ ಕೊಡಬೇಕಾಗುತ್ತದೆ. 2 ಒತ್ತಿದರೆ ಬಿಡಿಗಾಸು ಖರ್ಚಿಲ್ಲ.

ಇನ್ನು ನಿಯಮದ ಚಂದ ನೋಡಿ. ತಾನಾಗಿ ಬಿಟ್ಟವನಿಗೆ ಭತ್ಯೆ ಇಲ್ಲ. ಶಿಸ್ತು ಕ್ರಮದಲ್ಲಿ ಹೊರಗೆ ಹಾಕಿಸಿಕೊಂಡವನಿಗೂ ಇಲ್ಲ. ಆ ಎಚ್‌ಆರ್ ನನ್ನ ಮುಂದೆ ಇಟ್ಟಿದ್ದು ಇವೆರಡನ್ನೇ, ಅಲ್ವಾ? ಯಾವುದಕ್ಕೆ ಹೂಂ ಅಂದರೂ ಸೊನ್ನೆ. ಎರಡಕ್ಕೂ ಒಪ್ಪದೆ ಎದ್ದು ಬಂದರೆ ಅವರೇ ಒಂದನ್ನು ಆರಿಸಿ ತುಂಬುತ್ತಾರೆ.

"ಯುವನಿಧಿಗೆ ಹಾಕಪಾ" ಅಂತ ಸೋದರಮಾವನ ಬುದ್ಧಿಮಾತು ಬೇರೆ. ಮಾವಾ, ಅದು 2022-23ರಿಂದ ಈಚೆಗೆ ಡಿಗ್ರಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಹುಡುಗರಿಗೆ. ಐಟಿಐ ಮಾಡಿ, ದುಡಿದು, ಕೆಲಸ ಕಳಕೊಂಡವನಿಗಲ್ಲ.

ಆರ್ಡರ್ ಕಡಿಮೆ ಅಂದರಲ್ಲ, ಮೊನ್ನೆ ಅದೇ ಗೇಟಿಗೆ ಫ್ಲೆಕ್ಸ್ ಬಿದ್ದಿದೆ. 'ಆಪರೇಟರ್ ಬೇಕಾಗಿದ್ದಾರೆ, ಸಂಬಳ 12,000.' ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದೇನೆ, ಅದರ ಜೊತೆ ಈ ಫೋಟೋನೂ ಹೋಗುತ್ತದೆ. ಅಲ್ಲಿ "ಕಂಪನಿಯವರನ್ನ ಕರಸ್ತೀವಿ" ಅಂದಿದ್ದಾರೆ. ಕರೆಸಲಿ.

ನನ್ನದು ಒಂದೇ ಪ್ರಶ್ನೆ. ಗ್ಯಾಸ್ ಸಿಲಿಂಡರ್ ಮನೆಗೆ ಬಂದರೂ ಓಟಿಪಿ ಕೇಳುತ್ತಾರೆ. ನನ್ನ ಕೆಲಸ ಹೋದ ಕಾರಣವನ್ನು ಯಾರೋ ಕಂಪ್ಯೂಟರಿನಲ್ಲಿ ಒತ್ತುವಾಗ ನನ್ನ ಮೊಬೈಲಿಗೆ ಒಂದು ಮೆಸೇಜ್ ಬಂದು, "ಇದು ನಿಜಾನಾ?" ಅಂತ ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?