ಮೊದಲು ಹಳ್ಳಿಯಲ್ಲಿ ಕೆಲಸ, ಆಮೇಲೆ ಇಂಗ್ಲೆಂಡ್

ಡಿಗ್ರಿ ಮುಗಿದ ಕೂಡಲೇ ಅಂತರರಾಷ್ಟ್ರೀಯ ಅಭಿವೃದ್ಧಿ (ಬಡ ದೇಶಗಳ ಜನರ ಬದುಕು ಸುಧಾರಿಸುವುದು ಹೇಗೆ ಅನ್ನೋ ವಿಷಯ) ಓದಲು ಇಂಗ್ಲೆಂಡಿಗೆ ಹೊರಡಿ ಅಂತ ಬರೆದಿದ್ದೀರಿ. ಲೇಖನ ಚೆನ್ನಾಗಿದೆ, ಆದರೆ ಈ ಒಂದು ಸಲಹೆ ನನಗೆ ಒಪ್ಪಿಗೆಯಿಲ್ಲ.

ನಾನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿದವಳು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ತಮ್ಮೂರ ನಕ್ಷೆ ಬಿಡಿಸುವ ಪಿಆರ್‌ಎ (ಜನರೇ ಸೇರಿ ತಮ್ಮೂರಿನ ಸ್ಥಿತಿಗತಿ ಅರಿಯುವ) ವಿಧಾನ ಗೊತ್ತಲ್ವಾ? ಅದನ್ನು ಜಗತ್ತಿಗೆಲ್ಲ ಹಬ್ಬಿಸಿದ ರಾಬರ್ಟ್ ಚೇಂಬರ್ಸ್ ಅಲ್ಲಿನವರೇ. ಅದು ಬೆಳೆದದ್ದರಲ್ಲಿ ಹಳ್ಳಿಗಳ ಅಭಿವೃದ್ಧಿಗೆ ದುಡಿಯುವ ನಮ್ಮ ಬೆಂಗಳೂರಿನ ಮೈರಾಡ ಸ್ವಯಂಸೇವಾ ಸಂಸ್ಥೆಯ ಪಾಲೂ ದೊಡ್ಡದು. ಗಂಡಸರು ಬಿಡಿಸಿದ ನಕ್ಷೆಯಲ್ಲಿ ರಸ್ತೆ, ಪಂಚಾಯ್ತಿ ಕಟ್ಟಡ ಎದ್ದು ಕಾಣುತ್ತವೆ. ಹೆಂಗಸರ ನಕ್ಷೆಯಲ್ಲಿ ಬೋರ್‌ವೆಲ್, ಸೌದೆ ತರುವ ದಾರಿ. ಇದನ್ನು ಕಣ್ಣಾರೆ ಕಂಡು ಬಂದವರು ತರಗತಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಅಲ್ಲಿ ಎಂ.ಎ. ಒಂದೇ ವರ್ಷದ್ದು. ಇಂಥ ಅನುಭವ ಇಲ್ಲದೆ ಸುಮ್ನೆ ಹೋದರೆ ಪಾಠ ಅರ್ಥವಾಗುವಷ್ಟರಲ್ಲಿ ಪ್ರಬಂಧ ಒಪ್ಪಿಸುವ ದಿನ ಬಂದುಬಿಡುತ್ತದೆ.

ಬ್ರಿಟನ್ ಸರ್ಕಾರ ಕೊಡುವ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೂ ಕನಿಷ್ಠ 2 ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ 2 ವರ್ಷ ಸ್ವದೇಶಕ್ಕೆ ಮರಳಬೇಕು ಅನ್ನೋ ಷರತ್ತೂ ಇದೆ.

ಸಾಲ ಮಾಡಿ ಹೋಗುವವರು ಇನ್ನೊಂದು ವಿಷಯ ನೋಡಲೇಬೇಕು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿತು. ಬ್ರಿಟನ್ ತನ್ನ ವಿದೇಶಿ ನೆರವನ್ನು 2027ಕ್ಕೆ ರಾಷ್ಟ್ರೀಯ ಆದಾಯದ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಹಾಗಾಗಿ ಈ ಕ್ಷೇತ್ರದಲ್ಲಿ ಕೆಲಸಕ್ಕೆ ಪೈಪೋಟಿ ಈಗ ತುಂಬಾ ಜಾಸ್ತಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಅಭಿವೃದ್ಧಿ ವಿಷಯದ ಎಂ.ಎ. ಇದೆ. ಅದನ್ನೂ ನಿಮ್ಮ ಲೇಖನದ ಕೋರ್ಸ್ ಪಟ್ಟಿಗೆ ಸೇರಿಸಿ, ದಯವಿಟ್ಟು.